ಭಾರದ ಬೈಕಿಗೆ ಡಾಲಿ: ಮೊದಲು ನೆಲ ನೋಡಿ, ಆಮೇಲೆ ಸ್ಟ್ಯಾಂಡ್

ಬೈಕನ್ನು ಮೇಲೆ ನಿಲ್ಲಿಸಿ ಗ್ಯಾರೇಜಿನಲ್ಲಿ ಅತ್ತಿತ್ತ ಸರಿಸಲು ಬಳಸುವ, ಗಾಲಿ ಇರುವ ಚೌಕಟ್ಟೇ ಡಾಲಿ. ನನ್ನ ಮೊದಲ ಡಾಲಿಯನ್ನು ಮೂರನೆಯ ದಿನವೇ ಒಂದು ಕಲ್ಲಿನ ಚೂರು ನಿಲ್ಲಿಸಿತು. ಕಿರುಬೆರಳ ಉಗುರಿನ ಅರ್ಧದಷ್ಟೂ ಇರದ ಜಲ್ಲಿ. ಎಡ ಮುಂದಿನ ಗಾಲಿ ಅದಕ್ಕೆ ತಾಗಿ ಗಕ್ಕನೆ ನಿಂತಿತು. ಹಿಂದಿನಿಂದ ತಳ್ಳುತ್ತಿದ್ದ ನಾನು ನಿಲ್ಲಲಿಲ್ಲ, ಮೇಲಿದ್ದ 250 ಕಿಲೋ ಬೈಕೂ ನಿಲ್ಲಲಿಲ್ಲ. ಬಲಕ್ಕೆ ವಾಲಿದ ಬೈಕನ್ನು ಕೊನೆಗೆ ಹಿಡಿದದ್ದು ಗೋಡೆ. ಒಂದು ಕನ್ನಡಿ ಹೋಯಿತು, ಅಂಗೈಯಗಲ ಗಾರೆ ಉದುರಿತು, ನನ್ನ ಮೊಣಕೈ ವಾರವಿಡೀ ಊದಿಕೊಂಡಿತ್ತು. ಡಾಲಿಗೆ ಮಾತ್ರ ಒಂದು ಗೀರೂ ಆಗಲಿಲ್ಲ.

ಅಂದಿನಿಂದ ಯಾರಾದರೂ ಯಾವ ಡಾಲಿ ಕೊಳ್ಳಲಿ ಎಂದು ಕೇಳಿದರೆ, ನೆಲ ಹೇಗಿದೆ ಎಂದು ಮರುಪ್ರಶ್ನೆ ಹಾಕುತ್ತೇನೆ. ಬೈಕಿಗೆ ಸೆಂಟರ್ ಸ್ಟ್ಯಾಂಡ್ ಇದೆಯೇ ಎಂಬುದು ಎರಡನೆಯ ಪ್ರಶ್ನೆ. ಇವೆರಡಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಆಯ್ಕೆ ಮುಗಿದಂತೆ. ಡಾಲಿಯ ಬಣ್ಣ, ಮಡಚುವ ಸೌಲಭ್ಯ, ಪೆಟ್ಟಿಗೆಯ ಮೇಲೆ ಅಚ್ಚಾದ ಭಾರದ ಅಂಕಿ, ಇವೆಲ್ಲ ಆಮೇಲಿನ ಮಾತು.

(ಗೊಂದಲ ಬೇಡವೆಂದು ಮೊದಲೇ ಹೇಳಿಬಿಡುತ್ತೇನೆ: ಈ ಬರಹದಲ್ಲಿ ‘ಚಕ್ರ’ ಎಂದರೆ ಬೈಕಿನದು, ‘ಗಾಲಿ’ ಎಂದರೆ ಡಾಲಿಯ ಕೆಳಗೆ ಸುತ್ತಲೂ ತಿರುಗುವ ಕ್ಯಾಸ್ಟರ್.)

ನಿಜಕ್ಕೂ ಬೇಕೇ?

195 ಕಿಲೋ ತೂಗುವ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಇಟ್ಟುಕೊಂಡವರು ಡಾಲಿ ಹುಡುಕುವುದನ್ನು ನೋಡಿದ್ದೇನೆ. 249 ಕಿಲೋದ ಬಿಎಂಡಬ್ಲ್ಯು ಆರ್ 1250 ಜಿಎಸ್ ಅನ್ನು ಇಕ್ಕಟ್ಟಾದ ಗ್ಯಾರೇಜಿನಲ್ಲಿ ಬರಿಗೈಯಲ್ಲೇ ತಿರುಗಿಸಿಕೊಳ್ಳುವವರನ್ನೂ ನೋಡಿದ್ದೇನೆ. ತೂಕವೊಂದೇ ಲೆಕ್ಕಕ್ಕೆ ಬರುವುದಿಲ್ಲ. 380 ಕಿಲೋ ಆಸುಪಾಸಿನ ಹೋಂಡಾ ಗೋಲ್ಡ್ ವಿಂಗ್ ಟೂರ್‌ನಂಥ ದೈತ್ಯನ ವಿಷಯ ಬೇರೆ. ಅದನ್ನು ಹಿಂದಕ್ಕೆ ತಳ್ಳುವುದು ಕಷ್ಟವೆಂದು ಕಂಡುಕೊಂಡೇ ಹೋಂಡಾದವರು 1988ರ ಜಿಎಲ್ 1500ರಲ್ಲಿ ಸ್ಟಾರ್ಟರ್ ಮೋಟಾರಿನಿಂದ ನಡೆಯುವ ರಿವರ್ಸ್ ಕೊಟ್ಟರು.

ಆದರೆ ಒಂದು ಮಾತು. ಮುಂದಕ್ಕೆ ಹಿಂದಕ್ಕೆ ತಳ್ಳಲು ಬೈಕಿನ ಸ್ವಂತ ಚಕ್ರಗಳಿಗಿಂತ ಒಳ್ಳೆಯ ಡಾಲಿ ಇನ್ನೂ ಹುಟ್ಟಿಲ್ಲ. ಬೈಕಿಗೆ ಬಾರದ ವಿದ್ಯೆ ಒಂದೇ, ಅಡ್ಡಕ್ಕೆ ಸರಿಯುವುದು. ಡಾಲಿ ಬೇಕಾಗುವುದು ಅದಕ್ಕೆ: ಕಾರಿನ ಪಕ್ಕದಲ್ಲಿ ಗೋಡೆಗೆ ಒತ್ತಿ ನಿಲ್ಲಿಸಲು, ಎರಡು ಬೈಕುಗಳನ್ನು ಒಂದೇ ಅಗಲದಲ್ಲಿ ಹೊಂದಿಸಲು, ಸುತ್ತಲು ಜಾಗವಿಲ್ಲದ ಕಡೆ ಮುಖ ತಿರುಗಿಸಲು. ನಿಮ್ಮ ತೊಂದರೆ ಹಿಂದಕ್ಕೆ ತಳ್ಳಿ ಹೊರತರುವುದಷ್ಟೇ ಆಗಿದ್ದರೆ, ಹೊರಗಿನ ಬಯಲಿನಲ್ಲೇ ತಿರುಗಿಸಿ ಬಾಲ ಮುಂದಾಗಿ ಒಳಗೆ ತನ್ನಿ. ಬೆಳಿಗ್ಗೆ ನೇರ ಹೊರಟುಬಿಡಬಹುದು. ದುಡ್ಡೂ ಉಳಿಯಿತು, ಜಾಗವೂ ಉಳಿಯಿತು.

ನೆಲದ ಲೆಕ್ಕ

300 ಕಿಲೋ ಬೈಕು ನಾಲ್ಕು ಗಾಲಿಗಳ ಮೇಲೆ ಸಮನಾಗಿ ಕುಳಿತರೆ ಒಂದೊಂದರ ಮೇಲೆ 75 ಕಿಲೋ. ನೆಲದಲ್ಲಿ 5 ಮಿ.ಮೀ. ಎತ್ತರದ ಒಂದು ಅಂಚು ಇದೆ ಎಂದುಕೊಳ್ಳಿ. ಕಾಂಕ್ರೀಟಿನ ಎರಡು ಹಾಸುಗಳ ನಡುವೆ ಇಷ್ಟು ಏರುಪೇರು ಸಾಮಾನ್ಯ. ನಿಂತ ನಿಲುವಿನಲ್ಲಿ ಅದನ್ನು ಹತ್ತಬೇಕಾದರೆ 50 ಮಿ.ಮೀ. ವ್ಯಾಸದ ಗಟ್ಟಿ ಗಾಲಿಗೆ ತನ್ನ ಮೇಲಿನ ಭಾರದ ಮುಕ್ಕಾಲು ಪಾಲಿನಷ್ಟು ತಳ್ಳುಬಲ ಬೇಕು, ಅಂದರೆ ಸುಮಾರು 56 ಕಿಲೋ. ಗಾಲಿ 100 ಮಿ.ಮೀ. ಆದರೆ 36 ಕಿಲೋ ಸಾಕು. ಮುಂದಿನ ಎರಡೂ ಗಾಲಿ ಒಟ್ಟಿಗೆ ಅಂಚಿಗೆ ತಾಗಿದರೆ ಈ ಅಂಕಿ ದುಪ್ಪಟ್ಟು. 600 ಮಿ.ಮೀ. ದಾಟುವ ಬೈಕಿನ ಚಕ್ರಕ್ಕಾದರೋ ಅದರ ಮೇಲಿನ ಭಾರದ ಐದರಲ್ಲೊಂದು ಪಾಲೂ ಬೇಡ. ಬೈಕು ಗಮನಿಸದೆ ದಾಟಿಹೋಗುವ ಗೀರು ಡಾಲಿಗೆ ಗೋಡೆಯಾಗುವುದು ಹೀಗೆ.

ಇನ್ನು ವಾಟ. ಗ್ಯಾರೇಜಿನ ನೆಲಕ್ಕೆ ನೀರು ಹೊರಗೆ ಹರಿಯಲೆಂದು ಬಾಗಿಲಿನ ಕಡೆಗೆ ವಾಟ ಕೊಟ್ಟಿರುತ್ತಾರೆ. ನೂರಕ್ಕೆ ಒಂದರಷ್ಟು ಇಳಿಜಾರಿನಲ್ಲಿ 300 ಕಿಲೋ ಭಾರ 3 ಕಿಲೋ ಬಲದಿಂದ ಕೆಳಕ್ಕೆ ಎಳೆಯುತ್ತದೆ. ಐವತ್ತಕ್ಕೆ ಒಂದಾದರೆ 6 ಕಿಲೋ, ಇಪ್ಪತ್ತಕ್ಕೆ ಒಂದಾದರೆ 15 ಕಿಲೋ. ಅಂಕಿ ಸಣ್ಣದೆನಿಸಬಹುದು. ಆದರೆ ಎರಡೂ ಚಕ್ರ ಡಾಲಿಯ ಮೇಲೇರಿದ ಬೈಕಿನ ಬ್ರೇಕು ಗೊಂಬೆಯ ಬ್ರೇಕಿದ್ದಂತೆ, ಎಷ್ಟು ಒತ್ತಿದರೂ ಡಾಲಿ ನಿಲ್ಲುವುದಿಲ್ಲ. ಒಮ್ಮೆ ಉರುಳಲು ಶುರುವಾದ ಮೇಲೆ ತಡೆಯುವುದು ನಿಮ್ಮ ಕಾಲುಗಳು ಮಾತ್ರ.

ಪರೀಕ್ಷೆ ಸುಲಭ. ಒಂದು ಮೀಟರ್ ಉದ್ದದ ನೆಟ್ಟಗಿನ ಹಲಗೆಯ ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವಿಗೆ ಬರುವವರೆಗೆ ಹಲಗೆಯ ತಗ್ಗಿನ ತುದಿಯನ್ನು ಎತ್ತಿ. ತುದಿಯ ಕೆಳಗಿನ ಸಂದು 1 ಸೆಂ.ಮೀ. ಒಳಗಿದ್ದರೆ ಒಬ್ಬರೇ ನಿಭಾಯಿಸಬಹುದು. 2 ಸೆಂ.ಮೀ. ಇದ್ದರೆ ಇಬ್ಬರು ಬೇಕು. ಅದನ್ನೂ ಮೀರಿದರೆ ಡಾಲಿಯ ಆಸೆ ಬಿಡಿ. ಜೋಡಿಸಿದ ಕಾಂಕ್ರೀಟ್ ಬಿಲ್ಲೆಗಳ ನೆಲ, ಜಲ್ಲಿ, ಮಣ್ಣು, ಇವುಗಳ ಮೇಲೂ ಅದೇ ಮಾತು. ಟೈಲ್ಸ್ ನೆಲವಾದರೆ ಮೊದಲು ಬೆರಳಿನಿಂದ ಕುಟ್ಟಿ ಕೇಳಿ. ಟೊಳ್ಳು ಸದ್ದು ಬಂದ ಟೈಲ್ ನೈಲಾನ್ ಗಾಲಿಯ ಕೆಳಗೆ ಒಡೆಯುವ ಸಾಧ್ಯತೆ ಹೆಚ್ಚು.

ಸೆಂಟರ್ ಸ್ಟ್ಯಾಂಡ್ ಇದ್ದರೆ

ಸೆಂಟರ್ ಸ್ಟ್ಯಾಂಡ್ ಡಾಲಿ ನೋಡಲು ಏನೂ ಅಲ್ಲ, ನೆಲಕ್ಕೆ ಅಂಟಿದಂತಿರುವ ಉಕ್ಕಿನ ತಟ್ಟೆಗೆ ನಾಲ್ಕು ಮೂಲೆಯಲ್ಲಿ ಗಾಲಿ. ಬೈಕನ್ನು ಹಿಮ್ಮುಖವಾಗಿ ತಳ್ಳಿ ಹಿಂದಿನ ಚಕ್ರವನ್ನು ತಟ್ಟೆಗೆ ಹತ್ತಿಸಿ, ಅಲ್ಲೇ ಸೆಂಟರ್ ಸ್ಟ್ಯಾಂಡ್ ಹಾಕುತ್ತೀರಿ. ಮುಂದಿನ ಚಕ್ರ ನೆಲದ ಮೇಲೇ ಉಳಿಯುತ್ತದೆ. ಈಗ ಬೈಕಿನ ಬಾಲವನ್ನು ಪಕ್ಕಕ್ಕೆ ತಳ್ಳಿದರೆ ಮುಂದಿನ ಚಕ್ರವನ್ನು ನಡುವಾಗಿಸಿಕೊಂಡು ಇಡೀ ಬೈಕು ಗಡಿಯಾರದ ಮುಳ್ಳಿನ ಹಾಗೆ ತಿರುಗುತ್ತದೆ. ಇಕ್ಕಟ್ಟಿನಲ್ಲಿ ಮುಖ ತಿರುಗಿಸಲು ಇದಕ್ಕಿಂತ ಸಲೀಸಾದ ಉಪಾಯ ನಾನು ಕಂಡಿಲ್ಲ.

ಕೊಳ್ಳುವಾಗ ನೋಡಬೇಕಾದ್ದು: ಹಿಂದಿನ ಚಕ್ರ ಮತ್ತು ಸ್ಟ್ಯಾಂಡಿನ ಕಾಲು ಎರಡಕ್ಕೂ ತಟ್ಟೆಯ ಮೇಲೆ ಒಂದೇ ಮಟ್ಟದಲ್ಲಿ ಜಾಗವಿರಬೇಕು. ಕೆಲವು ಮೋಟು ಡಾಲಿಗಳಲ್ಲಿ ಸ್ಟ್ಯಾಂಡಿಗೆ ಮಾತ್ರ ಜಾಗವಿದ್ದು ಹಿಂದಿನ ಚಕ್ರ ನೆಲದಲ್ಲೇ ಇರುತ್ತದೆ. ಆಗ ಬೈಕನ್ನು ಸ್ಟ್ಯಾಂಡಿಗೆ ಎತ್ತುವ ಎತ್ತರಕ್ಕೆ ತಟ್ಟೆಯ ಎತ್ತರವೂ ಸೇರಿಕೊಳ್ಳುತ್ತದೆ. ಮೂರು ಸೆಂಟಿಮೀಟರ್ ತಾನೇ ಎಂದು ಅಂಗಡಿಯಲ್ಲಿ ಅನಿಸುತ್ತದೆ. 250 ಕಿಲೋ ಬೈಕಿನ ಸ್ಟ್ಯಾಂಡ್ ಮೇಲೆ ಕಾಲಿಟ್ಟು ತುಳಿಯುವಾಗ ಆ ಮೂರು ಸೆಂಟಿಮೀಟರ್ ಏನೆಂದು ಸೊಂಟ ಹೇಳುತ್ತದೆ.

ಇದರ ದೊಡ್ಡ ಅಪಾಯ ಬೇರೆಯೇ ಇದೆ, ಅದನ್ನು ಹೇಳುವವರು ಕಡಿಮೆ. ಸೆಂಟರ್ ಸ್ಟ್ಯಾಂಡ್ ಮಡಚಿಕೊಳ್ಳುವುದು ಬೈಕು ಮುಂದಕ್ಕೆ ಸರಿದಾಗ. ಡಾಲಿಯನ್ನು ಬೈಕಿನ ಮುಖದ ದಿಕ್ಕಿಗೆ ತಳ್ಳುತ್ತಿರುವಾಗ ಗಾಲಿಗೆ ಕಲ್ಲು ಸಿಕ್ಕಿ ಡಾಲಿ ನಿಂತರೆ, ಬೈಕು ಬಂದ ಓಟದಲ್ಲೇ ಮುಂದಕ್ಕೆ ಜರುಗಿ ಸ್ಟ್ಯಾಂಡಿನಿಂದ ಇಳಿದುಬಿಡುತ್ತದೆ. ಹಾಗಾಗಿ ಎರಡು ರೂಢಿ ಮಾಡಿಕೊಳ್ಳಿ. ಸಾಧ್ಯವಾದಾಗಲೆಲ್ಲ ಬಾಲ ಮುಂದಾಗಿ ತಳ್ಳಿ. ಆಗ ಡಾಲಿ ಥಟ್ಟನೆ ನಿಂತರೂ ಬೈಕಿನ ಓಟ ಸ್ಟ್ಯಾಂಡನ್ನು ಅದರ ತಡೆಗೆ ಇನ್ನಷ್ಟು ಒತ್ತುತ್ತದೆಯೇ ಹೊರತು ಮಡಚುವುದಿಲ್ಲ. ಎರಡನೆಯದು, ಸೆಂಟರ್ ಸ್ಟ್ಯಾಂಡಿನ ಕಾಲಿನಿಂದ ಮುಂದಿನ ಚಕ್ರಕ್ಕೆ ಒಂದು ಪಟ್ಟಿ ಬಿಗಿಯಿರಿ. ಸ್ಟ್ಯಾಂಡ್ ಹಿಂದಕ್ಕೆ ಮಡಚಲು ಜಾಗವೇ ಇರುವುದಿಲ್ಲ. ಸೈಡ್ ಸ್ಟ್ಯಾಂಡ್ ಮೇಲಿನ ಬೈಕಿಗೂ ಬಾಲ ಮುಂದಾಗಿ ತಳ್ಳುವ ನಿಯಮ ಹೊಂದುತ್ತದೆ.

ಸೆಂಟರ್ ಸ್ಟ್ಯಾಂಡ್ ಇಲ್ಲದಿದ್ದರೆ

ಕ್ರೂಸರ್‌ಗಳು, ಸ್ಪೋರ್ಟ್ಸ್ ಬೈಕುಗಳು ಬಹುಪಾಲು ಈ ಸಾಲಿಗೆ ಸೇರುತ್ತವೆ. ಇವಕ್ಕೆ ಉಳಿಯುವುದು ಪೂರ್ಣ ಉದ್ದದ ಡಾಲಿ. ಬೈಕಿನಷ್ಟೇ ಉದ್ದದ ಉಕ್ಕಿನ ಕಾಲುವೆ, ಅದರೊಳಗೆ ಎರಡೂ ಚಕ್ರಗಳು. ಎಡಕ್ಕೆ ಚಾಚಿದ ಒಂದು ತೋಳು, ಅದರ ತುದಿಯಲ್ಲಿ ಸೈಡ್ ಸ್ಟ್ಯಾಂಡ್ ಊರಲು ತಟ್ಟೆ.

ಇದರ ಗುಟ್ಟೆಲ್ಲ ಆ ತಟ್ಟೆಯಲ್ಲಿದೆ. ತಟ್ಟೆಯ ಮೇಲ್ಮೈ ಮತ್ತು ಚಕ್ರಗಳು ಕೂರುವ ಕಾಲುವೆಯ ತಳ ಒಂದೇ ಮಟ್ಟದಲ್ಲಿರಬೇಕು. ತಟ್ಟೆ ತಗ್ಗಿದ್ದರೆ ಬೈಕು ಎಡಕ್ಕೆ ಅತಿಯಾಗಿ ವಾಲಿ ತೋಳಿನ ಮೇಲೆ ಭಾರ ಹೇರುತ್ತದೆ. ತಟ್ಟೆ ಎತ್ತರವಿದ್ದರೆ ಬೈಕು ನೆಟ್ಟಗೆ ನಿಲ್ಲುತ್ತದೆ. ನೋಡಲು ಚೆನ್ನ, ಆದರೆ ಬಲಕ್ಕೆ ಒಂದು ಸಣ್ಣ ನೂಕು ಸಿಕ್ಕರೆ ಹಿಡಿಯಲು ಆ ಕಡೆ ಏನೂ ಇಲ್ಲ. ನನ್ನ ಮೊದಲ ಡಾಲಿಯದು ಇದೇ ರೋಗ. ತಟ್ಟೆ ಒಂದು ಬೆರಳಿನಷ್ಟು ಎತ್ತರವಿತ್ತು ಎಂಬುದು ಗೋಡೆಯ ಗಾರೆ ಉದುರಿದ ಮೇಲೆ, ಅಳತೆಪಟ್ಟಿ ಹಿಡಿದು ಕೂತಾಗ ತಿಳಿಯಿತು. ಅಲ್ಲಿಯವರೆಗೆ ಎಲ್ಲ ತಪ್ಪನ್ನೂ ಆ ಜಲ್ಲಿಯ ತಲೆಗೇ ಕಟ್ಟಿದ್ದೆ.

ತೋಳು ಮುಂದೆ ಹಿಂದೆ ಜರುಗಿಸಿ ಬಿಗಿಯಲು ಬರುವಂತಿರಬೇಕು, ಏಕೆಂದರೆ ಎಲ್ಲ ಬೈಕುಗಳ ಸೈಡ್ ಸ್ಟ್ಯಾಂಡ್ ಒಂದೇ ಜಾಗದಲ್ಲಿ ಇರುವುದಿಲ್ಲ. ತೋಳಿನ ತುದಿಗೆ ಸ್ವಂತ ಗಾಲಿ ಇರಬೇಕು. ಬರೀ ಚಾಚಿದ ತೋಳಾದರೆ ಸ್ಟ್ಯಾಂಡಿನ ಒತ್ತಡಕ್ಕೆ ಇಡೀ ಡಾಲಿ ಎಡಕ್ಕೆ ಮಗುಚಲು ನೋಡುತ್ತದೆ.

ಬೈಕನ್ನು ಹತ್ತಿಸುವ ಗಳಿಗೆ ಹೀಗಿರುತ್ತದೆ. ಡಾಲಿಯ ಗಾಲಿಗಳಿಗೆ ಬೀಗ ಹಾಕಿ, ಆದರೂ ನಂಬದೆ ಡಾಲಿಯ ಮುಂದಿನ ತುದಿಯನ್ನು ಗೋಡೆಗೆ ತಾಗಿಸುತ್ತೀರಿ. ಬೈಕಿನ ಎಡಕ್ಕೆ ನಿಂತು, ಸೀಟಿಗೆ ಸೊಂಟ ಒತ್ತಿ, ಬಲಗೈಯ ಎರಡು ಬೆರಳು ಮುಂದಿನ ಬ್ರೇಕಿನ ಮೇಲೆ. ಮುಂದಿನ ಚಕ್ರ ಅಂಚನ್ನು ಹತ್ತುವಾಗ ಬೈಕು ಒಂದು ಕ್ಷಣ ತಡೆಯುತ್ತದೆ, ಆಮೇಲೆ ತಟಕ್ಕನೆ ಜಾರಿ ಒಳಗೆ ಹೋಗುತ್ತದೆ. ಅದರ ಹಿಂದೆಯೇ ಹೆಜ್ಜೆ ಹಾಕುವ ನಿಮ್ಮ ಕಾಲಿಗೆ ಸರಿಯಾಗಿ ಅದೇ ಜಾಗದಲ್ಲಿ ತೋಳು ಅಡ್ಡ ಬರುತ್ತದೆ. ಡಾಲಿ ಮಾಡಿದವರು ಬೈಕಿನ ಬಗ್ಗೆ ಯೋಚಿಸಿದ್ದಾರೆ, ಎಡಕ್ಕೆ ನಡೆಯುವ ಮನುಷ್ಯನ ಬಗ್ಗೆ ಯೋಚಿಸಿಲ್ಲ. ಬೈಕನ್ನು ಮುಟ್ಟುವ ಮೊದಲು ಬರಿಗೈಯಲ್ಲಿ ಆ ದಾರಿಯನ್ನು ಎರಡು ಸಲ ನಡೆದು ನೋಡಿ. ಎಲ್ಲಿ ಕಾಲೆತ್ತಬೇಕು ಎಂಬುದು ಕಾಲಿಗೇ ಗೊತ್ತಾಗಿರಲಿ. ಹತ್ತಿಸಿದ ಮೇಲೆ ಮೊದಲ ಗೇರಿಗೆ ಹಾಕಿ, ಮುಂದಿನ ಬ್ರೇಕಿನ ಹಿಡಿಕೆಯನ್ನು ಹ್ಯಾಂಡಲಿಗೆ ಸೇರಿಸಿ ರಬ್ಬರ್ ಪಟ್ಟಿ ಸುತ್ತಿ. ಇಲ್ಲವಾದರೆ ಡಾಲಿ ನಿಂತಾಗ ಬೈಕು ಅದರ ಮೇಲೆ ಉರುಳುತ್ತದೆ.

ನನ್ನ ಅನುಭವದಲ್ಲಿ ಡಾಲಿಯ ಅನಾಹುತಗಳು ಹೆಚ್ಚಾಗಿ ಹತ್ತಿಸುವಾಗ ಇಳಿಸುವಾಗಲೇ ಆಗುತ್ತವೆ. ಇಳಿಸುವುದು ಇನ್ನೂ ಕಷ್ಟ, ಏಕೆಂದರೆ ಹಿಮ್ಮುಖವಾಗಿ ಇಳಿಸಬೇಕು, ಹಿಂದಿನ ಚಕ್ರ ಅಂಚು ದಾಟಿದೊಡನೆ ಬೈಕು ತಾನಾಗಿ ಓಡಲು ನೋಡುತ್ತದೆ. ದಿನಕ್ಕೆರಡು ಸಲ ಬೈಕು ತೆಗೆಯುವವರು ಪೂರ್ಣ ಉದ್ದದ ಡಾಲಿ ಕೊಂಡರೆ ತಿಂಗಳೊಳಗೆ ಅದು ಗೋಡೆಗೆ ಒರಗಿ ನಿಂತಿರುತ್ತದೆ. ತಿಂಗಳುಗಟ್ಟಲೆ ಬೈಕು ನಿಲ್ಲಿಸಿಡುವವರಿಗೆ ಅದು ಸರಿ.

ಉಳಿದವು

ಸೈಡ್ ಸ್ಟ್ಯಾಂಡಿನ ಕೆಳಗೆ ಇಡುವ ಗಾಲಿ ತಟ್ಟೆ ಅಗ್ಗ, ಚಿಕ್ಕದು, ಆಕರ್ಷಕ. ಭಾರದ ದೊಡ್ಡ ಪಾಲು ಎರಡು ಟೈರುಗಳ ಮೇಲೇ ಇರುವುದರಿಂದ ತಟ್ಟೆಗೆ ಬೀಳುವ ಭಾರ ಕಡಿಮೆ ಎಂಬುದು ನಿಜ. ಆದರೆ ಬೈಕು ಅಡ್ಡಕ್ಕೆ ಸರಿಯುವುದಿಲ್ಲ, ತಟ್ಟೆಯಿಂದ ಸ್ಟ್ಯಾಂಡ್ ಜಾರಿದರೆ ಬೈಕು ನಿಮ್ಮ ಕಡೆಗೇ ಬೀಳುತ್ತದೆ. ನಾನು ಬಳಸುವುದಿಲ್ಲ.

ಒಂದೇ ಚಕ್ರಕ್ಕೆ ಕೊಡುವ ತೊಟ್ಟಿಲಿನಂಥ ಡಾಲಿ, ಬ್ರೇಕು ಕಚ್ಚಿಕೊಂಡ ಅಥವಾ ಚೈನು ಸಿಕ್ಕಿಹಾಕಿಕೊಂಡ ಬೈಕನ್ನು ಮೂಲೆಯಿಂದ ಎಳೆದು ತರಲು ಒಳ್ಳೆಯದು. ಅದೇ ಅದರ ಕೆಲಸ. ಅದರ ಮೇಲೆ ಬೈಕನ್ನು ಬಿಟ್ಟು ಹೋಗಬೇಡಿ, ಪಕ್ಕಕ್ಕೆ ಆಸರೆ ಇರುವುದಿಲ್ಲ.

ಬೈಕಿನ ಒಂದು ಚಕ್ರವನ್ನು ನೆಲದಿಂದ ಎತ್ತಿ ಹಿಡಿಯುವ ಪ್ಯಾಡಾಕ್ ಸ್ಟ್ಯಾಂಡ್‌ಗೆ ಎರಡು ಪುಟ್ಟ ಗಾಲಿ ಇರುವುದನ್ನು ಕಂಡು ಅದನ್ನೇ ಡಾಲಿ ಎಂದುಕೊಂಡವರಿದ್ದಾರೆ. ಆ ಗಾಲಿಗಳು ಸ್ಟ್ಯಾಂಡನ್ನು ಬೈಕಿನ ಕೆಳಗೆ ತೂರಿಸಿ ಎತ್ತಲು ಮಾತ್ರ. ಚೌಕಟ್ಟಿನ ಕೆಳಗೆ ತೂರಿಸಿ ಎತ್ತುವ ಗಾಲಿಯ ಜಾಕ್‌ಗಳದೂ ಹೆಚ್ಚುಕಡಿಮೆ ಅದೇ ಕಥೆ: ಪೂರ್ತಿ ಇಳಿಸಿ, ಬೈಕನ್ನು ಪಟ್ಟಿಯಿಂದ ಬಿಗಿದು ಒಂದೆರಡು ಅಡಿ ಸರಿಸಬಹುದು, ಎತ್ತಿದ ಸ್ಥಿತಿಯಲ್ಲಿ ಒಂದಿಂಚೂ ಬೇಡ.

ಚೌಕಟ್ಟಿನ ತೂತಿಗೆ ಗೂಟ ಸಿಕ್ಕಿಸಿ, ಸನ್ನೆಯಿಂದ ಎರಡೂ ಚಕ್ರಗಳನ್ನು ಒಟ್ಟಿಗೆ ಎತ್ತುವ ಗಾಲಿ ಸ್ಟ್ಯಾಂಡ್‌ಗಳು ಸ್ಪೋರ್ಟ್ಸ್ ಬೈಕುಗಳಿಗೆ ಬಹಳ ಸೊಗಸು. ಟೈರುಗಳೂ ನೆಲ ಬಿಡುತ್ತವೆ, ಬೈಕೂ ಎಲ್ಲ ದಿಕ್ಕಿಗೂ ಸರಿಯುತ್ತದೆ. ಪ್ರತಿ ಮಾದರಿಗೂ ಬೇರೆ ಗೂಟ ಬೇಕಾಗುವುದು ಅದರ ತೊಡಕು. ಬೈಕು ಬದಲಾಯಿಸಿದರೆ ಗೂಟವೂ ಬದಲು.

ನೆಲಕ್ಕೆ ಕೂರಿಸಿದ ತಿರುಗುತಟ್ಟೆ ಸರಿಸುವುದಿಲ್ಲ, ತಿರುಗಿಸುತ್ತದೆ ಅಷ್ಟೇ. ಬರೀ ಮುಖ ತಿರುಗಿಸುವುದೇ ನಿಮ್ಮ ಸಮಸ್ಯೆಯಾಗಿದ್ದು, ಜಾಗ ಖಾಯಂ ಆಗಿದ್ದರೆ, ಅದೇ ಎಲ್ಲಕ್ಕಿಂತ ಸುರಕ್ಷಿತ.

ಗಾಲಿಯೇ ಡಾಲಿ

ಮಾರುವವರು ನಾಲ್ಕೂ ಗಾಲಿಗಳ ಸಾಮರ್ಥ್ಯ ಕೂಡಿಸಿ ಹೇಳುತ್ತಾರೆ. ಆದರೆ ಅಂಕುಡೊಂಕು ನೆಲದಲ್ಲಿ ನಾಲ್ಕರಲ್ಲಿ ಒಂದು ಗಾಲಿ ಗಾಳಿಯಲ್ಲಿರುತ್ತದೆ, ಭಾರ ಹೊರುವುದು ಮೂರು. ಹಾಗಾಗಿ ಬೈಕು, ಡಾಲಿ ಎರಡರ ತೂಕ ಕೂಡಿಸಿ ಮೂರರಿಂದ ಭಾಗಿಸಿ. 380 ಕಿಲೋ ಬೈಕು, 30 ಕಿಲೋ ಡಾಲಿಯಾದರೆ ಒಂದೊಂದು ಗಾಲಿಗೂ 137 ಕಿಲೋ ತಾಳುವ ಶಕ್ತಿ ಬೇಕು. ಗಾಲಿ ಆರಿದ್ದರೂ ನಾನು ಲೆಕ್ಕಕ್ಕೆ ಮೂರನ್ನೇ ಹಿಡಿಯುತ್ತೇನೆ.

ರಬ್ಬರ್ ಗಾಲಿ ಮೆತ್ತಗೆ ಉರುಳುತ್ತದೆ, ಆದರೆ ತಿಂಗಳುಗಟ್ಟಲೆ ಭಾರ ಹೊತ್ತು ನಿಂತರೆ ಅಡಿ ಚಪ್ಪಟೆಯಾಗುತ್ತದೆ. ನೈಲಾನ್ ಹಗುರವಾಗಿ ಓಡುತ್ತದೆ, ನೆಲಕ್ಕೆ ಗೀರು ಹಾಕುತ್ತದೆ, ಸದ್ದು ಮಾಡುತ್ತದೆ. ಪಾಲಿಯುರೆಥೇನ್ ಎರಡರ ನಡುವಿನದು, ಬೈಕಿಗೆ ನನ್ನ ಮತ ಅದಕ್ಕೇ. ಬೀಗ ಇರುವ ಗಾಲಿಗಳಲ್ಲೂ ಎರಡು ಬಗೆ. ಒಂದು ಉರುಳುವುದನ್ನು ಮಾತ್ರ ತಡೆಯುತ್ತದೆ, ಇನ್ನೊಂದು ಉರುಳುವುದನ್ನೂ ಸುತ್ತ ತಿರುಗುವುದನ್ನೂ ತಡೆಯುತ್ತದೆ. ಮೊದಲ ಬಗೆಯದಾದರೆ ಬೀಗ ಹಾಕಿದ ಮೇಲೂ ಡಾಲಿ ಪಕ್ಕಕ್ಕೆ ಎರಡು ಬೆರಳಷ್ಟು ಜರುಗುತ್ತದೆ. ಎರಡನೆಯದನ್ನೇ ಕೇಳಿ ಪಡೆಯಿರಿ.

ಈ ಜರುಗುವಿಕೆಯ ಇನ್ನೊಂದು ಮುಖ ಡಾಲಿಯ ದಿಕ್ಕು ಬದಲಾಯಿಸುವಾಗ ಕಾಣುತ್ತದೆ. ಗಾಲಿಯ ಅಚ್ಚು ಅದು ಸುತ್ತ ತಿರುಗುವ ಮೇಲಿನ ಕೀಲಿನ ನೇರಕ್ಕೆ ಇರುವುದಿಲ್ಲ, ತುಸು ಹಿಂದಿರುತ್ತದೆ. ಮುಂದಕ್ಕೆ ಹೋಗುತ್ತಿದ್ದ ಡಾಲಿಯನ್ನು ಹಿಂದಕ್ಕೆ ಎಳೆದರೆ ನಾಲ್ಕೂ ಗಾಲಿಗಳು ಅರ್ಧ ಸುತ್ತು ತಿರುಗಿ ಹೊಸ ದಿಕ್ಕಿಗೆ ಬೀಳಬೇಕು. ಅಷ್ಟರಲ್ಲಿ ಡಾಲಿ ಪಕ್ಕಕ್ಕೆ ಒಮ್ಮೆ ಮಿಸುಕುತ್ತದೆ, ಮೇಲಿನ ಬೈಕು ತಲೆಯಾಡಿಸುತ್ತದೆ. ಮೊದಲ ಸಲ ನೋಡಿದರೆ ಎದೆ ಧಸಕ್ಕೆನ್ನುತ್ತದೆ. ಜೋರಾಗಿ ಎಳೆಯದೆ, ತಗ್ಗಿನಲ್ಲಿ ಕೈಯಿಟ್ಟು ನಿಧಾನ ಒತ್ತಿ, ಗಾಲಿಗಳೆಲ್ಲ ತಿರುಗಿದ್ದು ಕಂಡ ಮೇಲೆ ಮುಂದುವರಿಯಿರಿ. ಯಾವಾಗಲೂ ಡಾಲಿಯನ್ನು, ಇಲ್ಲವೇ ಬೈಕಿನ ಕೆಳಭಾಗವನ್ನು ತಳ್ಳಬೇಕು. ಹ್ಯಾಂಡಲ್ ಹಿಡಿದು ತಳ್ಳಿದರೆ ಬೈಕನ್ನು ಬೀಳಿಸಲು ತಳ್ಳಿದಂತೆಯೇ.

ನಿಲ್ಲಿಸಿಡುವಾಗ

ಸೆಂಟರ್ ಸ್ಟ್ಯಾಂಡ್ ಡಾಲಿಯ ಮೇಲೆ ಹಿಂದಿನ ಚಕ್ರ ಗಾಳಿಯಲ್ಲಿರುವುದರಿಂದ ಟೈರು ಚಪ್ಪಟೆಯಾಗುವ ಚಿಂತೆ ಅರ್ಧ ಕಡಿಮೆ, ಚೈನಿಗೆ ಎಣ್ಣೆ ಹಾಕುವುದೂ ಸುಲಭ. ಪೂರ್ಣ ಉದ್ದದ ಡಾಲಿಯಲ್ಲಿ ಎರಡು ಟೈರೂ ಭಾರ ಹೊತ್ತೇ ಇರುತ್ತವೆ, ಚಕ್ರ ಉರುಳಿಸಿ ಜಾಗ ಬದಲಿಸಲು ಬೈಕನ್ನು ಇಳಿಸಲೇಬೇಕು. ಗಾಳಿಯ ಒತ್ತಡ ಸರಿಯಾಗಿಟ್ಟು, ಆಗಾಗ ನೋಡಿಕೊಳ್ಳುವುದೊಂದೇ ದಾರಿ.

ಬೈಕಿನ ಹೊದಿಕೆ ನೆಲದವರೆಗೆ ಇಳಿಬಿದ್ದಿದ್ದರೆ ಅದರ ಅಂಚನ್ನು ಮೇಲಕ್ಕೆ ಸಿಕ್ಕಿಸಿ. ಇಲ್ಲದಿದ್ದರೆ ಡಾಲಿ ಸರಿಸುವಾಗ ಬಟ್ಟೆ ಗಾಲಿಯೊಳಗೆ ಸುತ್ತಿಕೊಳ್ಳುತ್ತದೆ. ಬ್ಯಾಟರಿ ಚಾರ್ಜರಿನ ತಂತಿಗೂ ಅದೇ ಗತಿ, ಅದರ ಮೇಲೆ ಗಾಲಿ ಹತ್ತಿದರೆ ಹೊದಿಕೆಗಿಂತ ದೊಡ್ಡ ತೊಂದರೆ. ಗಾಲಿಯ ಅಚ್ಚಿಗೆ ಸುತ್ತಿಕೊಂಡ ಕೂದಲು, ನೂಲನ್ನು ಆಗಾಗ ಕತ್ತರಿಸಿ ತೆಗೆಯಿರಿ.

ಕೊನೆಯದಾಗಿ ಕಳ್ಳತನದ ವಿಷಯ. ಹ್ಯಾಂಡಲ್ ಬೀಗ ಹಾಕಿದ ಬೈಕನ್ನು ನೆಲದ ಮೇಲೆ ನೇರ ತಳ್ಳಿಕೊಂಡು ಹೋಗುವುದು ಕಷ್ಟ. ಅದೇ ಬೈಕಿನ ಎರಡೂ ಚಕ್ರ ಡಾಲಿಯ ಮೇಲಿದ್ದರೆ ಹ್ಯಾಂಡಲ್ ಯಾವ ಕಡೆಗೆ ತಿರುಗಿದ್ದರೂ ಒಂದೇ. ನಿಮಗೆ ಸರಿಸಲು ಸುಲಭ ಮಾಡಿಕೊಟ್ಟದ್ದನ್ನು ಕಳ್ಳನಿಗೂ ಮಾಡಿಕೊಟ್ಟಿರುತ್ತೀರಿ. ನೆಲಕ್ಕೋ ಗೋಡೆಗೋ ಒಂದು ಉಕ್ಕಿನ ಬಳೆ ಕೂರಿಸಿ, ಸರಪಳಿಯನ್ನು ಅದರಿಂದ ಬೈಕಿನ ಚೌಕಟ್ಟಿಗೆ ಹಾಕಿ. ಡಾಲಿಗೆ ಹಾಕಿದರೆ ಬೆಳಿಗ್ಗೆ ಡಾಲಿಯೊಂದೇ ಉಳಿದಿರುತ್ತದೆ.